ಅಜ್ಜನ ಜೀಪು ಮತ್ತು ಅದರ ನಂಬರು: ಹಳೆ ಗಾಡಿಗಳ ನೋಂದಣಿ ಹೇಗೆ ನಡೆಯುತ್ತೆ

ಮಾಕುಟ್ಟ ಎಲ್ಲಿದೆ ಅಂತ ನಮ್ಮ ಕ್ಲಾಸಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ. ವಿರಾಜಪೇಟೆಯಿಂದ ಪೆರುಂಬಾಡಿಗೆ ಬಂದು, ಅಲ್ಲಿಂದ ಕಾಡಿನ ಮಧ್ಯೆ ಘಾಟಿ ಇಳಿದರೆ ಕೊನೆಯಲ್ಲಿ ಸಿಗೋದು ಮಾಕುಟ್ಟ. ಒಂದು ಚೆಕ್‌ಪೋಸ್ಟು, ಕೆಲವು ಅಂಗಡಿ, ಸುತ್ತ ಕಾಡು, ಮುಂದೆ ಕೂಟುಪೊಳೆ ಸೇತುವೆ. ಸೇತುವೆ ದಾಟಿದರೆ ಕೇರಳ. ಇರಿಟ್ಟಿ, ಅದರಾಚೆ ಕಣ್ಣೂರು.

ಚಿಕ್ಕವನಿದ್ದಾಗ ರಜೆಯಲ್ಲಿ ಅಜ್ಜನ ಜೊತೆ ಅಲ್ಲಿಗೆ ಹೋದರೆ ನನಗೂ ನನ್ನ ಕಸಿನ್‌ಗೂ ಒಂದೇ ಆಟ. ಚಹಾ ಅಂಗಡಿ ಬೆಂಚಿನ ಮೇಲೆ ಕೂತು ನಂಬರ್ ಪ್ಲೇಟ್ ಎಣಿಸೋದು. ಕೆಎ-12 ಬಂದರೆ ಅವನಿಗೆ ಒಂದು ಪಾಯಿಂಟು, ಕೆಎಲ್ ಬಂದರೆ ನನಗೆ. ಯಾವಾಗಲೂ ನಾನೇ ಗೆಲ್ತಿದ್ದೆ. ಕೆಎಲ್-13 ಕಣ್ಣೂರು, 58 ತಲಶ್ಶೇರಿ, 59 ತಳಿಪರಂಬ, 78 ಇರಿಟ್ಟಿ, ಹೀಗೆ ನನ್ನ ಕಡೆ ನಾಲ್ಕೈದು ಆಫೀಸುಗಳ ಗಾಡಿ ಇದ್ದವು. ಅವನ ಕಡೆ ಇಡೀ ಕೊಡಗಿಗೆ ಮಡಿಕೇರಿಯ ಒಂದೇ ಆಫೀಸು. ಒಂದು ತಮಾಷೆ ಕೂಡ ಇತ್ತು. ಕೆಎ-12 ಅಂದರೆ ಕೊಡಗು, ಕೆಎಲ್-12 ಅಂದರೆ ಪಕ್ಕದ ವಯನಾಡು. ಇಬ್ಬರಿಗೂ ಹನ್ನೆರಡೇ. ದೂರದಿಂದ ಬರೀ 12 ಕಂಡರೆ ಇಬ್ಬರೂ ಪಾಯಿಂಟ್ ನಂದು ಅಂತ ಜಗಳ.

ಆದರೆ ನಮ್ಮ ಅಜ್ಜನ ಜೀಪಿಗೆ ಯಾರಿಗೂ ಪಾಯಿಂಟ್ ಇರಲಿಲ್ಲ. ಅದರ ಪ್ಲೇಟಲ್ಲಿ ಕೆಎ ಅಂತ ಇರಲೇ ಇಲ್ಲ. ಎಂವೈ ಅಂತ ಶುರುವಾಗುವ ಮೂರು ಅಕ್ಷರ, ಆಮೇಲೆ ನಾಲ್ಕು ಅಂಕಿ, ಅಷ್ಟೇ. ಕೊನೆ ಎರಡು ಅಂಕಿ 67. ಮನೆಯಲ್ಲಿ ಅದನ್ನು ಜೀಪು ಅಂತ ಯಾರೂ ಕರೆಯಲ್ಲ, ‘ಅರವತ್ತೇಳು’ ಅಂತಲೇ ಹೆಸರು. ‘ಅರವತ್ತೇಳು ಶೆಡ್ಡಲ್ಲಿದೆಯಾ’, ‘ಅರವತ್ತೇಳಲ್ಲಿ ಕಾಫಿ ಮೂಟೆ ಹಾಕಿ’, ಹೀಗೆ.

ಕಳೆದ ವರ್ಷ ಅದನ್ನು ಮಾರೋಣ ಅಂತ ಅಪ್ಪ ತೀರ್ಮಾನ ಮಾಡಿದರು. ಅಜ್ಜ ತೀರಿಕೊಂಡಿದ್ದು 2019ರ ಮಳೆಗಾಲದಲ್ಲಿ. ಆಮೇಲೆ ಜೀಪು ತೋಟದ ಒಳಗೆ ಮಾತ್ರ ಓಡ್ತಿತ್ತು. ಇರಿಟ್ಟಿ ಕಡೆಯವರೊಬ್ಬರು ಹಳೆ ಜೀಪು ಹುಡುಕ್ತಿದ್ದಾರೆ ಅಂತ ಗೊತ್ತಾಯ್ತು. ಅವರು ಮಾಕುಟ್ಟದವರೆಗೆ ಬರ್ತೀನಿ ಅಂದರು, ಅಪ್ಪ ಘಾಟಿ ಇಳಿಸಿ ತಂದರು. ನಾನೂ ಇದ್ದೆ. ಅವರು ಬಾನೆಟ್ ಎತ್ತಿ ನೋಡಿದರು, ಟೈರ್ ತಟ್ಟಿದರು, ಆಮೇಲೆ ಆರ್‌ಸಿ ಪುಸ್ತಕ ಕೇಳಿದರು. ಐದು ನಿಮಿಷ ಓದಿ ವಾಪಸ್ ಕೊಟ್ಟು ಒಂದೇ ಮಾತು ಹೇಳಿದರು: ‘ನೀವು ತಂದಿರೋ ಜೀಪು ಬೇರೆ, ಈ ಪುಸ್ತಕದಲ್ಲಿರೋ ಜೀಪು ಬೇರೆ.’

ಅವರು ಹೇಳಿದ್ದು ನಿಜ. ಪುಸ್ತಕದಲ್ಲಿ ಮಾಲೀಕರು ಅಜ್ಜ, ಅವರು ಇಲ್ಲ. ಪುಸ್ತಕದಲ್ಲಿ ಪೆಟ್ರೋಲ್ ಇಂಜಿನ್, ಬಾನೆಟ್ ಕೆಳಗೆ ಡೀಸೆಲ್. ಪುಸ್ತಕದ ಕೊನೆ ಸೀಲಿನ ಪ್ರಕಾರ ನೋಂದಣಿ 2019ರ ಮಾರ್ಚ್‌ಗೇ ಮುಗಿದಿದೆ. ಅಂದರೆ ಅವತ್ತು ಘಾಟಿ ಇಳಿದದ್ದೇ ತಪ್ಪು. ಆ ತಪ್ಪು ನಮ್ಮದೇ, ಬೇರೆ ಯಾರದೂ ಅಲ್ಲ. ಅವತ್ತು ರಾತ್ರಿಯಿಂದ ನಾನು ಮೋಟಾರು ವಾಹನ ಕಾಯ್ದೆ ಓದೋಕೆ ಶುರು ಮಾಡಿದೆ. ಥರ್ಮೊಡೈನಮಿಕ್ಸ್ ಇಂಟರ್ನಲ್ಸ್‌ಗೆ ಓದಬೇಕಿದ್ದ ವಾರ ಅದು, ಇರಲಿ. ಹಳೆ ಗಾಡಿ ಮನೆಯಲ್ಲಿರೋರು ಕ್ಲಬ್ಬಲ್ಲಿ ತುಂಬ ಜನ ಇದ್ದೀರಿ. ನನಗೆ ಅರ್ಥ ಆಗಿದ್ದನ್ನು ನಿಮಗೂ ಹೇಳ್ತೀನಿ.

ಎಂವೈ ಎಲ್ಲಿಂದ ಬಂತು?

ಈಗಿನ ಪದ್ಧತಿ ಎಲ್ಲರಿಗೂ ಗೊತ್ತು. ಮೊದಲ ಎರಡು ಅಕ್ಷರ ರಾಜ್ಯ, ಆಮೇಲಿನ ಎರಡು ಅಂಕಿ ನೋಂದಣಿ ಕಚೇರಿ, ಆಮೇಲೆ ಸರಣಿಯ ಅಕ್ಷರ, ಕೊನೆಗೆ ನಾಲ್ಕು ಅಂಕಿವರೆಗಿನ ನಂಬರು. ಇದು ಬಂದಿದ್ದು 1988ರ ಮೋಟಾರು ವಾಹನ ಕಾಯ್ದೆಯ ಜೊತೆ. ಕಾಯ್ದೆ ಜಾರಿಯಾಗಿದ್ದು 1989ರ ಜುಲೈ 1ರಂದು. ಅದಕ್ಕೆ ಸ್ವಲ್ಪ ಮುಂಚೆ, ಜೂನ್ 12ರ ಕೇಂದ್ರದ ಅಧಿಸೂಚನೆಯಲ್ಲಿ ಯಾವ ರಾಜ್ಯಕ್ಕೆ ಯಾವ ಎರಡಕ್ಷರ ಅಂತ ಪಟ್ಟಿ ಬಂತು. ಕರ್ನಾಟಕಕ್ಕೆ ಕೆಎ, ಕೇರಳಕ್ಕೆ ಕೆಎಲ್ ಸಿಕ್ಕಿದ್ದು ಆಗ.

ಅದಕ್ಕೆ ಮುಂಚೆ ಇದ್ದಿದ್ದು 1939ರ ಕಾಯ್ದೆ. ಆಗ ಮೂರು ಅಕ್ಷರ, ನಾಲ್ಕು ಅಂಕಿ. ನಮ್ಮ ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದ ಕಾಲದಲ್ಲಿ ಎಂವೈ, ಎಂಇ ಅಂತ ಶುರುವಾಗುವ ಸರಣಿಗಳು ಇದ್ದವು, ಆಮೇಲೆ ಸಿ ಅಂತ ಶುರುವಾಗುವ ಸರಣಿಗಳು ಬಂದವು. ಹಳೆ ಕನ್ನಡ ಸಿನಿಮಾ ನೋಡುವಾಗ ಹೀರೋ ಬಿಟ್ಟು ಕಾರಿನ ಪ್ಲೇಟ್ ನೋಡಿ, ಗೊತ್ತಾಗುತ್ತೆ. ಕೊಡಗು 1956ರ ನವೆಂಬರ್ 1ರವರೆಗೆ ಬೇರೆಯೇ ರಾಜ್ಯ ಆಗಿತ್ತು. ಆ ದಿನ ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ಮೈಸೂರು ಕರ್ನಾಟಕ ಆಯ್ತು. ನಮ್ಮ ಜೀಪು ನೋಂದಣಿ ಆಗಿದ್ದು 1971ರಲ್ಲಿ, ಅಂದರೆ ರಾಜ್ಯದ ಹೆಸರು ಬದಲಾಗೋಕೆ ಎರಡು ವರ್ಷ ಮುಂಚೆ. ಅದರ ಮೇಲೆ ಇನ್ನೂ ಮೈಸೂರೇ ಇದೆ.

ಇಲ್ಲಿ ನನಗೆ ಇದ್ದ ಮೊದಲ ಡೌಟು: ಹೊಸ ಪದ್ಧತಿ ಬಂದ ಮೇಲೆ ಹಳೆ ನಂಬರು ರದ್ದಾಗಲಿಲ್ವಾ? ಇಲ್ಲ. ಅದೇ ರಾಜ್ಯದಲ್ಲಿ ಇರೋವರೆಗೆ, ನೋಂದಣಿ ನವೀಕರಿಸ್ತಾ ಬಂದರೆ ಹಳೆ ನಂಬರೇ ಮುಂದುವರಿಯುತ್ತೆ. ಗಾಡಿ ಬೇರೆ ರಾಜ್ಯಕ್ಕೆ ಹೋಗಿ ಅಲ್ಲೇ ನೆಲೆಸಿದರೆ ಮಾತ್ರ ಆ ರಾಜ್ಯದ ಹೊಸ ನಂಬರು ಬರುತ್ತೆ. ಕಾಯ್ದೆಯ 47ನೇ ಕಲಂ ಇದನ್ನೇ ಹೇಳೋದು. ಒಂದು ರಾಜ್ಯದಲ್ಲಿ ನೋಂದಣಿ ಆದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ನಂಬರು ತಗೋಬೇಕು. ಮಾಕುಟ್ಟದಲ್ಲಿ ದಿನಾ ಬೆಳಿಗ್ಗೆ ಬಂದು ಸಂಜೆ ಹೋಗೋ ಕೆಎಲ್ ಗಾಡಿಗಳಿಗೆ ಇದು ಲೆಕ್ಕಕ್ಕೆ ಬರಲ್ಲ. ಆದರೆ ನಮ್ಮ ಜೀಪು ಇರಿಟ್ಟಿಗೆ ಮಾರಾಟ ಆದರೆ ಖಂಡಿತ ಬರುತ್ತೆ. ಸೇತುವೆ ದಾಟಿದ ಮೇಲೆ ಅರವತ್ತೇಳು ಅರವತ್ತೇಳಾಗಿ ಉಳಿಯಲ್ಲ, ಕೆಎಲ್-78 ಆಗುತ್ತೆ. ಇದನ್ನು ಊಟದ ಹೊತ್ತಲ್ಲಿ ಹೇಳಿದಾಗ ಅಜ್ಜಿ ತಟ್ಟೆ ಬಿಟ್ಟು ಎದ್ದು ಹೋದರು. ಅಲ್ಲಿವರೆಗೆ ಅವರಿಗೆ ಜೀಪು ಮಾರೋದರ ಬಗ್ಗೆ ಏನೂ ತಕರಾರಿರಲಿಲ್ಲ.

ಪ್ಲೇಟು ಗಾಡಿ ಅಲ್ಲ

ಗಾಡಿಯ ನಿಜವಾದ ಗುರುತು ಚಾಸಿಸ್ ನಂಬರು, ಪ್ಲೇಟಿನ ನಂಬರಲ್ಲ. ಪ್ಲೇಟ್ ಬದಲಾಗಬಹುದು, ಬಣ್ಣ ಬದಲಾಗಬಹುದು, ಮಾಲೀಕ ಬದಲಾಗಬಹುದು. ಚಾಸಿಸ್ ಮೇಲೆ ಫ್ಯಾಕ್ಟರಿಯಲ್ಲಿ ಹೊಡೆದ ನಂಬರು ಗಾಡಿ ಗುಜರಿಗೆ ಹೋಗೋವರೆಗೆ ಅದೇ. ನೋಂದಣಿ ಅಂದರೆ ಸರಳವಾಗಿ ಇಷ್ಟೇ: ‘ಈ ಚಾಸಿಸ್, ಈ ಇಂಜಿನ್, ಈ ಮಾಲೀಕ, ಈ ವಿಳಾಸ’ ಅನ್ನೋ ಒಂದು ಸಾಲನ್ನು ಸರ್ಕಾರದ ದಾಖಲೆಯಲ್ಲಿ ಬರೆದು, ಆ ಸಾಲಿಗೆ ಒಂದು ಚಿಕ್ಕ ಹೆಸರು ಕೊಡೋದು. ಡೇಟಾಬೇಸ್ ಓದಿರೋ ಕಂಪ್ಯೂಟರ್ ಸೈನ್ಸ್‌ನವರಿಗೆ ಬೇಗ ಅರ್ಥ ಆಗುತ್ತೆ. ಆ ಸಾಲಲ್ಲಿ ಒಂದು ಕಾಲಂ ಸುಳ್ಳಾದರೂ ತೊಂದರೆ. ಹೊಸ ಕಾರಲ್ಲಿ ಸಾಲೂ ಗಾಡಿಯೂ ಒಂದೇ ಥರ ಇರುತ್ತೆ. ಐವತ್ತು ವರ್ಷ ಕಳೆದರೆ ಎರಡೂ ನಿಧಾನಕ್ಕೆ ಬೇರೆ ಬೇರೆ ದಾರಿ ಹಿಡಿಯುತ್ತೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಈಗಿನ ಗಾಡಿಗಳಲ್ಲಿ ಚಾಸಿಸ್ ನಂಬರು 17 ಅಕ್ಷರ-ಅಂಕಿಗಳದ್ದು. ಅದರಲ್ಲಿ ಐ, ಒ, ಕ್ಯೂ ಅನ್ನೋ ಇಂಗ್ಲಿಷ್ ಅಕ್ಷರ ಬಳಸಲ್ಲ, ಒಂದು ಸೊನ್ನೆ ಜೊತೆ ಗೊಂದಲ ಆಗುತ್ತೆ ಅಂತ. ಹಳೆ ಜೀಪಲ್ಲಿ ನಂಬರು ಚಿಕ್ಕದು, ಮೇಲಿಂದ ತುಕ್ಕು, ಗ್ರೀಸು, ಮೂರು ಕೋಟ್ ಪೇಂಟು. ತಪಾಸಣೆಗೆ ಹೋದಾಗ ಅದರ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಾರೆ. ಚಿಕ್ಕವರಿದ್ದಾಗ ನಾವು ನಾಣ್ಯದ ಮೇಲೆ ಮಾಡ್ತಿದ್ವಲ್ಲ, ಅದೇ ಥರ. ಕೊಡಗಿನ ಮಳೆಗೆ ನಂಬರು ಸವೆದು ಹೋಗಿದ್ದರೆ ‘ನಾವೇ ಪಂಚ್ ಹೊಡೀತೀವಿ’ ಅಂತ ಯಾವ ವರ್ಕ್‌ಶಾಪಿನವರು ಹೇಳಿದರೂ ಒಪ್ಪಬೇಡಿ. ಕದ್ದ ಗಾಡಿಗೆ ಮಾಡೋದೂ ಅದನ್ನೇ. ನೋಂದಣಿ ಅಧಿಕಾರಿಯ ಅನುಮತಿ ಇಲ್ಲದೆ ಅಲ್ಲಿ ಕೈ ಹಾಕಲೇಬಾರದು.

ಹದಿನೈದು ವರ್ಷದ ಭೂತ

‘ಹದಿನೈದು ವರ್ಷ ಆದ ಗಾಡಿ ಗುಜರಿಗೇ ಹೋಗಬೇಕು’ ಅಂತ ನಮ್ಮೂರಲ್ಲಿ ಅರ್ಧ ಜನ ನಂಬಿದ್ದಾರೆ. ಆ ಭಯದಲ್ಲೇ ಒಳ್ಳೊಳ್ಳೆ ಗಾಡಿಗಳನ್ನು ಮೂರು ಕಾಸಿಗೆ ಮಾರಿದವರಿದ್ದಾರೆ. ಇದು ಎರಡು ಮೂರು ವಿಷಯ ಕಲಸಿ ಹೋಗಿ ಆಗಿರೋ ಗೊಂದಲ.

ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅನ್ನೋ ಮಿತಿ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದ್ದು. ಅದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಮಾತ್ರ. ಇನ್ನೊಂದು, ಸರ್ಕಾರದ ಗಾಡಿಗಳದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಇಲ್ಲ. ನಮ್ಮ ನಿಮ್ಮ ಖಾಸಗಿ ಕಾರಿಗೆ ಎರಡೂ ಅನ್ವಯಿಸಲ್ಲ.

ನಮಗೆ ಅನ್ವಯಿಸೋದು 41ನೇ ಕಲಂ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮಾನ್ಯ. ಆಮೇಲೆ ಗಾಡಿ ತೋರಿಸಿ, ಸರಿ ಇದೆ ಅನ್ನಿಸಿಕೊಂಡು, ಐದೈದು ವರ್ಷಕ್ಕೆ ನವೀಕರಿಸಬಹುದು. ಎಷ್ಟು ಸಲ ಅಂತ ಮಿತಿ ಇಲ್ಲ. ಆ ಕಲಮಿನಲ್ಲಿ ಒಂದು ಸಣ್ಣ ಮಾತಿದೆ: ಈ ಕಾಯ್ದೆ ಬರೋಕೆ ಮುಂಚೆ ಕೊಟ್ಟ ಆರ್‌ಸಿಗೂ ಇದೇ ನಿಯಮ. ಹಾಗಾಗಿಯೇ 1971ರ ಜೀಪು ಕೂಡ ಸಾಲಿಗೆ ಬಂತು. ಅಜ್ಜನ ಪುಸ್ತಕದ ಹಿಂದಿನ ಪುಟಗಳಲ್ಲಿ ಐದೈದು ವರ್ಷದ ಸೀಲುಗಳು ಒಂದರ ಕೆಳಗೆ ಒಂದು. ಕೆಲವು ನೇರಳೆ, ಕೆಲವು ನೀಲಿ, ಒಂದು ತಲೆಕೆಳಗಾಗಿ ಬಿದ್ದಿದೆ. ಅಜ್ಜ ಒಂದು ಸಲವೂ ತಪ್ಪಿಸಿರಲಿಲ್ಲ. ಕೊನೆಯ ಸಲ ಮಾತ್ರ ಹುಷಾರಿರಲಿಲ್ಲ.

ನವೀಕರಣಕ್ಕೆ ಫಾರ್ಮ್ 25. ಅವಧಿ ಮುಗಿಯೋಕೆ 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. ತಡ ಮಾಡಿದರೆ ಏನಾಗುತ್ತೆ ಅನ್ನೋದೇ ಜೇಬಿಗೆ ಕುತ್ತು. 2022ರ ಏಪ್ರಿಲ್‌ನಿಂದ ಕಾರು, ಜೀಪುಗಳ ನವೀಕರಣ ಶುಲ್ಕ 5,000 ರೂಪಾಯಿ, ಬೈಕಿಗೆ 1,000. ಜೊತೆಗೆ ತಡವಾದ ಪ್ರತಿ ತಿಂಗಳಿಗೂ ಕಾರಿಗೆ 500, ಬೈಕಿಗೆ 300. ಅಂದರೆ ಒಂದು ವರ್ಷ ಮರೆತರೆ ಕಾರಿಗೆ 6,000 ಹೆಚ್ಚು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಅಧಿಸೂಚನೆ ಬಂದು, 20 ವರ್ಷ ದಾಟಿದ ಗಾಡಿಗಳಿಗೆ ಶುಲ್ಕ ಎರಡರಷ್ಟಾಯ್ತು: ಕಾರಿಗೆ 10,000, ಬೈಕಿಗೆ 2,000. ಅಜ್ಜನ ಜೀಪಿಗೆ 2019ರಿಂದ ಲೆಕ್ಕ ಹಾಕೋಕೆ ಕೂತೆ. ಕ್ಯಾಲ್ಕುಲೇಟರ್ ನೋಡಿ ಅಪ್ಪನಿಗೆ ತೋರಿಸದೆ ಫೋನ್ ಜೇಬಿಗೆ ಹಾಕಿಕೊಂಡೆ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡ್ತೀನಿ, ಕಾಫಿ ತೋಟ ಇರೋರಿಗೆ ಮುಖ್ಯ. ‘ತೋಟದ ಒಳಗೆ ಓಡಿಸೋಕೆ ಏನೂ ಬೇಡ, ರೋಡಿಗೆ ಬಂದರೆ ಮಾತ್ರ ಆರ್‌ಸಿ’ ಅಂತ ನಮ್ಮ ಮನೆಯಲ್ಲೂ ನಂಬಿದ್ದರು. 39ನೇ ಕಲಂ ಓದಿದರೆ ಹಾಗಿಲ್ಲ. ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ ನೋಂದಣಿ ಇಲ್ಲದ ಗಾಡಿ ಓಡಿಸಬಾರದು ಅಂತ ಇದೆ. ಸಾರ್ವಜನಿಕ ಸ್ಥಳ ಅಂತ ಮಾತ್ರ ಹೇಳೋದು ವಿಮೆಯ ಕಲಂ, 146ನೆಯದು. ಜನ ಅದನ್ನೂ ಇದನ್ನೂ ಸೇರಿಸಿಕೊಂಡುಬಿಟ್ಟಿದ್ದಾರೆ ಅನ್ನಿಸುತ್ತೆ. ನೋಂದಣಿ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ ದಂಡ 5,000ದವರೆಗೆ.

ಸತ್ತವರ ಸಹಿ

ಮಾಕುಟ್ಟದಿಂದ ವಾಪಸ್ ಬಂದ ವಾರದಲ್ಲೇ ಒಬ್ಬ ಮಧ್ಯವರ್ತಿ ಮನೆಗೆ ಬಂದ. ಮಾರಾಟಕ್ಕೆ ಫಾರ್ಮ್ 29 ಮತ್ತು 30 ಬೇಕು. 29 ಅಂದರೆ ಮಾರಿದವರು ಕೊಡೋ ತಿಳುವಳಿಕೆ, 30 ಅಂದರೆ ಇಬ್ಬರೂ ಸೇರಿ ಹಾಕೋ ಅರ್ಜಿ. ಎರಡರಲ್ಲೂ ಮಾಲೀಕರ ಸಹಿ ಬೇಕು. ಆತ ಬಹಳ ಸಲೀಸಾಗಿ ಹೇಳಿದ: ‘ಪುಸ್ತಕದಲ್ಲಿ ಸಹಿ ಇದೆಯಲ್ಲ, ನೋಡಿ ಹಾಗೇ ಹಾಕಿ. ಡೇಟ್ ಹಿಂದಿನದು ಹಾಕೋಣ. ಯಾರು ನೋಡ್ತಾರೆ?’

ಅಪ್ಪ ಒಂದು ನಿಮಿಷ ಸುಮ್ಮನಿದ್ದರು. ಆ ಒಂದು ನಿಮಿಷ ನನಗೆ ಇಷ್ಟ ಆಗಲಿಲ್ಲ. ಅಜ್ಜಿ ಒಳಗಿಂದ ಬಂದು ಚಹಾ ಲೋಟ ಎತ್ತಿಕೊಂಡರು, ಆತ ಅರ್ಥ ಮಾಡಿಕೊಂಡು ಹೋದ. ಸಹಿ ನಕಲು ಮಾಡೋದು ಫೋರ್ಜರಿ, ಅದಕ್ಕೆ ಹಳೆ ಜೀಪು ಅಂತ ರಿಯಾಯಿತಿ ಇಲ್ಲ.

ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ, ಆದರೆ ಸಮಯಕ್ಕೆ ಮಾಡಬೇಕು. ಮಾಲೀಕರು ತೀರಿಕೊಂಡರೆ ಗಾಡಿ ಯಾರ ಕೈಗೆ ಬರುತ್ತೋ ಅವರು 30 ದಿನದೊಳಗೆ ನೋಂದಣಿ ಅಧಿಕಾರಿಗೆ ಸಾವಿನ ವಿಷಯ ಮತ್ತು ಗಾಡಿಯನ್ನು ತಾವು ಬಳಸೋ ಉದ್ದೇಶ ತಿಳಿಸಬೇಕು. ಹಾಗೆ ತಿಳಿಸಿದರೆ ಮೂರು ತಿಂಗಳು ತಮ್ಮ ಗಾಡಿಯಂತೆಯೇ ಬಳಸಬಹುದು. ಆ ಮೂರು ತಿಂಗಳೊಳಗೆ ಫಾರ್ಮ್ 31 ಹಾಕಿ ಹೆಸರು ಬದಲಾಯಿಸಿಕೊಳ್ಳಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 56ನೇ ನಿಯಮ ಇದು. ಮರಣ ಪ್ರಮಾಣಪತ್ರ ಬೇಕು, ಬೇರೆ ವಾರಸುದಾರರ ಒಪ್ಪಿಗೆ ಬೇಕು. ಸಾವಿನ ಮನೆಯಲ್ಲಿ ತಿಥಿ, ಪಹಣಿ, ಬ್ಯಾಂಕು ಎಲ್ಲ ನೆನಪಿರುತ್ತೆ, ಶೆಡ್ಡಲ್ಲಿರೋ ಗಾಡಿ ಯಾರಿಗೂ ನೆನಪಾಗಲ್ಲ. ನಮಗೆ ನೆನಪಾಗಿದ್ದು ಆರು ವರ್ಷ ಆದ ಮೇಲೆ.

ಹೆಸರು ಬದಲಾಗದಿದ್ದರೆ ಏನು ಮಹಾ ಅಂತ ಕೇಳಬಹುದು. ನಾನೂ ಕೇಳಿದ್ದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಕೇಸಲ್ಲಿ ಒಂದು ತೀರ್ಪು ಕೊಟ್ಟಿತು. ಗಾಡಿ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಮಾರಾಟ ಆಗ್ತಾ ಹೋಗಿತ್ತು, ದಾಖಲೆಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಇತ್ತು. ಅಪಘಾತ ಆಯ್ತು. ಕೋರ್ಟ್ ಹೇಳಿದ್ದು: ಕಾಯ್ದೆಯ ಪ್ರಕಾರ ಮಾಲೀಕ ಅಂದರೆ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರು, ಪರಿಹಾರದ ಹೊಣೆಯೂ ಅವರದ್ದೇ. ಮಾರಿ ದುಡ್ಡು ತಗೊಂಡು ‘ಆಮೇಲೆ ಹೆಸರು ಬದಲಾಯಿಸ್ಕೋತಾರೆ ಬಿಡು’ ಅಂತ ಸುಮ್ಮನೆ ಕೂತರೆ ಏನಾಗುತ್ತೆ ಅಂತ ಇದರಿಂದ ಗೊತ್ತಾಗುತ್ತೆ. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳ ಸೆಕೆಂಡ್ ಹ್ಯಾಂಡ್ ಬೈಕು ಬರೀ ಮಾತಿನಲ್ಲಿ ಕೈ ಬದಲಾಗುತ್ತಲ್ಲ, ದಯವಿಟ್ಟು ಈ ಪ್ಯಾರಾ ಎರಡು ಸಲ ಓದಿ.

ರಾಜ್ಯದ ಆಚೆ ಮಾರೋದಾದರೆ ಇನ್ನೊಂದು ಮೆಟ್ಟಿಲು, ಎನ್‌ಒಸಿ. ಫಾರ್ಮ್ 28. ತೆರಿಗೆ ಬಾಕಿ ಇಲ್ಲ, ಗಾಡಿ ಕಳುವಿನದ್ದಲ್ಲ ಅಂತ ಖಾತ್ರಿ ಮಾಡಿಕೊಂಡು ನಮ್ಮ ಕಚೇರಿ ಕೊಡೋ ಪತ್ರ. 48ನೇ ಕಲಮಿನಲ್ಲಿ ಅರ್ಜಿದಾರರಿಗೆ ಅನುಕೂಲದ ಒಂದು ಸಾಲಿದೆ: 30 ದಿನದೊಳಗೆ ಕೊಡಲ್ಲ ಅಂತ ತಿಳಿಸದಿದ್ದರೆ ಕೊಟ್ಟ ಹಾಗೇ ಲೆಕ್ಕ. ಇದು ತುಂಬ ಜನರಿಗೆ ಗೊತ್ತಿಲ್ಲ. ಅಂದರೆ ನಮ್ಮ ಜೀಪು ಸೇತುವೆ ದಾಟಬೇಕಿದ್ದರೆ ಮೊದಲು ಅಜ್ಜನ ಹೆಸರಿಂದ ಅಪ್ಪನ ಹೆಸರಿಗೆ, ಆಮೇಲೆ ನವೀಕರಣ, ಆಮೇಲೆ ಎನ್‌ಒಸಿ, ಆಮೇಲೆ ಆಚೆ ಕಡೆ ಹೊಸ ಹೆಸರು, ಹೊಸ ನಂಬರು. ಕೊಳ್ಳೋಕೆ ಬಂದವರು ಅವತ್ತು ಯಾಕೆ ನಕ್ಕು ಹೊರಟು ಹೋದರು ಅಂತ ಈಗ ಅರ್ಥ ಆಗುತ್ತೆ.

ಇಂಜಿನ್ನಿನ ಕಥೆ

ನಮ್ಮದು ಮಹೀಂದ್ರದ ವಿಲ್ಲಿಸ್ ಮಾದರಿ, ಸಿಜೆ-3ಬಿ. ಬಾನೆಟ್ ಎತ್ತರ ಇರೋದು. ಎತ್ತರ ಯಾಕೆ ಅಂದರೆ ಒಳಗಿರೋ ಹರಿಕೇನ್ ಇಂಜಿನ್ ಎತ್ತರದ್ದು. ಇನ್‌ಲೆಟ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಪಕ್ಕದಲ್ಲಿ ಬ್ಲಾಕ್‌ನಲ್ಲಿ. ಎಫ್-ಹೆಡ್ ಅಂತಾರೆ. ಮೆಕ್ಯಾನಿಕಲ್‌ನವರು ಪುಸ್ತಕದಲ್ಲಿ ಅರ್ಧ ಪುಟ ಓದಿ ಮುಂದೆ ಹೋಗ್ತೀರಿ, ನಾನು ಅದರ ಮೇಲೆ ಕೂತು ಬೆಳೆದಿದ್ದೇನೆ. ಸುಮಾರು 2.2 ಲೀಟರ್ ಪೆಟ್ರೋಲ್ ಇಂಜಿನ್, ಕುಡಿಯೋದೂ ಹಾಗೇ. 2015ರಲ್ಲಿ ಅಜ್ಜ ಬೇಸತ್ತು ಒಂದು ಗುಜರಿ ಜೀಪಿನ ಡೀಸೆಲ್ ಇಂಜಿನ್ ಹಾಕಿಸಿದರು. ಕೊಡಗಲ್ಲಿ ಹೀಗೆ ಮಾಡಿಸಿದವರು ಬೇಕಾದಷ್ಟು ಜನ ಇದ್ದಾರೆ. ಪುಸ್ತಕದಲ್ಲಿ ಮಾತ್ರ ಯಾರೂ ಬರೆಸಿಲ್ಲ.

52ನೇ ಕಲಂ ಹೇಳೋದು, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಒಂದು ಕೇಸಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ಮಾದರಿಯ ಇಂಜಿನ್ ಹಾಕೋದು, ಸಿಎನ್‌ಜಿ ಕಿಟ್ ಹಾಕೋದು, ಇಂಥವಕ್ಕೆ ಅನುಮತಿ ಪಡೆದು ಅವಕಾಶ ಇದೆ. ಪೆಟ್ರೋಲ್ ಗಾಡಿಗೆ ಎಲ್ಲಿಂದಲೋ ತಂದ ಡೀಸೆಲ್ ಇಂಜಿನ್ ಆ ಗುಂಪಿಗೆ ಸೇರಲ್ಲ. ಹೊಗೆ ತಪಾಸಣೆಗೆ ಹೋದರೂ ಸಿಕ್ಕಿಬೀಳುತ್ತೆ. ಪೆಟ್ರೋಲ್‌ಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೀತಾರೆ, ಡೀಸೆಲ್‌ಗೆ ಆಕ್ಸಿಲರೇಟರ್ ಒತ್ತಿ ಹೊಗೆಯ ಸಾಂದ್ರತೆ ಅಳೀತಾರೆ. ಪುಸ್ತಕದಲ್ಲಿ ಪೆಟ್ರೋಲ್ ಅಂತಿರೋ ಗಾಡಿಗೆ ಯಾವ ಮೆಷಿನ್ ಹಚ್ಚೋದು?

ಇಷ್ಟರಲ್ಲಿ ಗೆಳೆಯನೊಬ್ಬ ‘ಐವತ್ತು ವರ್ಷ ಆಗಿದೆಯಲ್ಲ, ವಿಂಟೇಜ್ ಮಾಡಿಸಿಬಿಡು’ ಅಂದ. ಐಡಿಯಾ ಚೆನ್ನಾಗಿತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿದೆ, 81ಎ ಇಂದ 81ಜಿವರೆಗೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿ ಇದಕ್ಕೆ ಅರ್ಹ. ಹೊಸದಾಗಿ ನೋಂದಣಿ ಮಾಡಿದರೆ ರಾಜ್ಯದ ಅಕ್ಷರದ ನಂತರ ವಿಎ ಅಂತ ಬರೋ ವಿಶೇಷ ಸರಣಿಯ ನಂಬರು. ಮೊದಲೇ ನೋಂದಣಿ ಇದ್ದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000, ಹತ್ತು ವರ್ಷ ಮಾನ್ಯ. ಅಜ್ಜಿಗೆ ಇದನ್ನು ಓದಿ ಹೇಳಿದಾಗ ‘ನಂಬರು ಉಳಿಯುತ್ತಲ್ಲ, ಸಾಕು’ ಅಂದರು.

ಆದರೆ ಮುಂದಿನ ಸಾಲುಗಳನ್ನೂ ಓದಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಮ್ಮದು ಆಗಿದೆ. ಇನ್ನೊಂದು, ವಿಂಟೇಜ್ ಗಾಡಿಯನ್ನು ದಿನಬಳಕೆಗೆ ಅಥವಾ ವ್ಯಾಪಾರಕ್ಕೆ ರೋಡಿಗಿಳಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ, ಅಷ್ಟಕ್ಕೆ ಮಾತ್ರ. ಕಾಫಿ ಮೂಟೆ ಹೊರೋ ಜೀಪಿಗೆ ವಿಂಟೇಜ್ ಅಂದರೆ ಗೌರವದ ನಿವೃತ್ತಿ. ಬೆಂಗಳೂರಲ್ಲಿ ಗ್ಯಾರೇಜಿಟ್ಟು ಭಾನುವಾರ ಒರೆಸೋರಿಗೆ ಸರಿ. ನಮ್ಮ ಅರವತ್ತೇಳಕ್ಕೆ ಆ ಬಾಳು ಹೊಂದಲ್ಲ ಅಂತ ನನ್ನ ಅಭಿಪ್ರಾಯ, ಅಜ್ಜಿ ಒಪ್ಪಲ್ಲ.

ಪ್ಲೇಟಿನ ಬಗ್ಗೆ ಎರಡು ಮಾತು

ಅಜ್ಜನ ಪ್ಲೇಟು ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ, ಪೇಂಟರ್ ಕೈಯಲ್ಲಿ ಬರೆದದ್ದು. ಮೊದಲು ಖಾಸಗಿ ಗಾಡಿಗಳಿಗೆ ಹಾಗೇ ಇತ್ತು, ಈಗ ಬಿಳಿ ಮೇಲೆ ಕಪ್ಪು. 2019ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ಪ್ಲೇಟು, ಕಂಪನಿಯಿಂದಲೇ ಬರುತ್ತೆ. ಅದಕ್ಕೆ ಮುಂಚಿನ ಗಾಡಿಗಳೂ ಹಾಕಿಸಬೇಕು ಅಂತ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಮಾಡಿತು. ಮೊದಲ ಗಡುವು 2023ರ ನವೆಂಬರ್ 17, ಆಮೇಲೆ 2024ರ ಫೆಬ್ರವರಿ 17, ಆಮೇಲೆ ಮೇ 31, ಹೀಗೆ ಮುಂದೆ ಹೋಗ್ತಾನೇ ಇತ್ತು. ನಮ್ಮ ಅಸೈನ್‌ಮೆಂಟ್ ಸಬ್‌ಮಿಷನ್ ನೆನಪಾಗುತ್ತೆ. ಅಲ್ಯೂಮಿನಿಯಂ ತಗಡು, ಎಡಗಡೆ ಅಶೋಕ ಚಕ್ರದ ಹೊಲೋಗ್ರಾಂ, ಲೇಸರ್‌ನಲ್ಲಿ ಕೊರೆದ ಹತ್ತು ಅಂಕಿಯ ಗುರುತು, ಬಿಚ್ಚಿದರೆ ಮುರಿಯೋ ಲಾಕು. ಲೇಸರ್ ಗುರುತು ದಾಖಲೆಯ ಸಾಲಿಗೆ ಜೋಡಣೆ ಆಗಿರುತ್ತೆ. ಹಾಗಾಗಿ ಮೊದಲು ದಾಖಲೆ ಸರಿ ಇರಬೇಕು, ಆಮೇಲೆ ಪ್ಲೇಟು. ಹಳೆ ಪುಸ್ತಕದ ವಿವರ ವಾಹನ್ ತಂತ್ರಾಂಶಕ್ಕೆ ಏರಿದೆಯಾ ಅಂತ ಮೊದಲು ನೋಡಿಕೊಳ್ಳಿ. ಏರಿಲ್ಲ ಅಂದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು, ಅದಕ್ಕೆ ಮೂಲ ಪುಸ್ತಕ ಬೇಕು. ಹರಿದು ಹೋಗಿದ್ದರೂ ಎಸೀಬೇಡಿ.

ಕ್ಲಬ್ಬಿನವರಿಗೆ ಬೇಜಾರಾಗೋ ಒಂದು ವಿಷಯ: ಕನ್ನಡ ಅಂಕಿಯ ಪ್ಲೇಟಿಗೆ ಮಾನ್ಯತೆ ಇಲ್ಲ. ನಿಯಮದಲ್ಲಿ ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ ಅಂತಲೇ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡ ಅಂಕಿ ಓದೋಕೆ ಕಲಿಸಿದ್ದು ನಮ್ಮೂರಿನ ಬೈಕುಗಳ ಪ್ಲೇಟುಗಳೇ. ಹಾಗಾಗಿ ಈ ಸಾಲು ಬರೆಯುವಾಗ ಸ್ವಲ್ಪ ಕಸಿವಿಸಿ ಆಯ್ತು.

ಈಗ ಜೀಪು ಎಲ್ಲಿದೆ?

ಶೆಡ್ಡಲ್ಲೇ. ಫಾರ್ಮ್ 31 ಹಾಕಿದ್ದೀವಿ. ಅತ್ತೆಯಂದಿರಿಬ್ಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಮೈಸೂರಿನ ಅತ್ತೆ ಸಹಿ ಹಾಕೋ ಮುಂಚೆ ‘ಮಾರಲ್ಲ ಅಂತ ಹೇಳಿದರೆ ಮಾತ್ರ’ ಅಂತ ಷರತ್ತು ಹಾಕಿದರು, ಅಪ್ಪ ಹೂಂ ಅಂದರು. ಇಂಜಿನ್ ವಿಷಯಕ್ಕೆ ಒಂದು ದಾರಿ ಸಿಕ್ಕಿದೆ. 2015ರಲ್ಲಿ ಬಿಚ್ಚಿದ ಪೆಟ್ರೋಲ್ ಇಂಜಿನ್ನನ್ನು ಅಜ್ಜ ಮಾರಿರಲಿಲ್ಲ. ಕಣದ ಪಕ್ಕದ ಕೋಣೆಯಲ್ಲಿ, ಗೋಣಿಚೀಲಗಳ ಕೆಳಗೆ, ಮರದ ಹಲಗೆ ಮೇಲೆ ಕೂತಿದೆ. ಇಲಿ ಗೂಡು ಕಟ್ಟಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದಾಗ ಬ್ಲಾಕಿನ ಮೇಲಿನ ನಂಬರು ಕಂಡಿತು, ಪುಸ್ತಕದ್ದಕ್ಕೆ ಸರಿ ಹೊಂದುತ್ತೆ. ವಿರಾಜಪೇಟೆಯ ಮೆಕ್ಯಾನಿಕ್ ಬಂದು ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿದರು. ತಿರುಗಿತು. ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟು, ಕಾರ್ಬ್ಯುರೇಟರ್ ಕಿಟ್ಟು ಹೊಸದು ಬೇಕಂತೆ. ಪಟ್ಟಿ ಅಪ್ಪನ ಹತ್ತಿರ ಇದೆ.

ಸೆಮಿಸ್ಟರ್ ರಜೆಯಲ್ಲಿ ಡೀಸೆಲ್ ಇಂಜಿನ್ ಇಳಿಸಿ ಇದನ್ನು ಕೂರಿಸ್ತೀವಿ. ಆಮೇಲೆ ತಪಾಸಣೆಗೆ ಜೀಪನ್ನು ಲಾರಿ ಮೇಲೆ ಮಡಿಕೇರಿಗೆ ಒಯ್ಯಬೇಕು. ಈ ಸಲ ಓಡಿಸಿಕೊಂಡು ಹೋಗಲ್ಲ. ಚಾಸಿಸ್ ನಂಬರಿನ ಅಚ್ಚು ತೆಗೆಯೋಕೆ ಪೆನ್ಸಿಲ್ ನಾನೇ ಕೊಂಡಿದ್ದೇನೆ, 2ಬಿ, ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಉಳಿದಿದ್ದು. ಶೆಡ್ಡಲ್ಲಿ ಒಂದು ಸಲ ಪ್ರಾಕ್ಟೀಸ್ ಮಾಡಿದೆ. ಮೊದಲ ಮೂರು ಅಂಕಿ ಚೆನ್ನಾಗಿ ಬಂತು, ನಾಲ್ಕನೆಯದರ ಮೇಲೆ ಇನ್ನೂ ಪೇಂಟ್ ಇದೆ, ಅಜ್ಜ 2004ರಲ್ಲಿ ಹೊಡೆಸಿದ ಹಸಿರು ಪೇಂಟು.